ಇಮಾಮ್ ಗಝ್ಝಾಲಿ(ರ) ಮತ್ತು ಉಸ್ತಾದರ ಮನೆ

ಇಮಾಮ್ ಗಝ್ಝಾಲಿ(ರ) 1058ರಲ್ಲಿ ಇಂದಿನ ಇರಾನಿನ ತೂಸ್‌ನಲ್ಲಿ ಹುಟ್ಟಿದರು. ಉಣ್ಣೆ ನೂಲುತ್ತಿದ್ದ ಬಡ ತಂದೆ ತೀರಿಹೋಗುವಾಗ ಇಬ್ಬರು ಗಂಡುಮಕ್ಕಳನ್ನು ಸೂಫಿ ಸ್ನೇಹಿತರಿಗೆ ಒಪ್ಪಿಸಿದ್ದರು. ಕೊಟ್ಟ ಹಣ ಮುಗಿದಾಗ ಮಕ್ಕಳು ಊಟ ಸಿಗುವ ಮದ್ರಸ ಸೇರಿದರು. ಹಾಗೆ ಹೊಟ್ಟೆಪಾಡಿಗೆ ಸೇರಿದವರೇ 1091ರಲ್ಲಿ ಬಗ್ದಾದಿನ ನಿಝಾಮಿಯ್ಯಾ ಮದ್ರಸದ ಮುಖ್ಯ ಉಸ್ತಾದರಾದರು. 1095ರಲ್ಲಿ ಹುದ್ದೆ ಬಿಟ್ಟು ಹೊರಟಾಗ ಸಂಪತ್ತನ್ನು ದಾನ ಮಾಡಿ, ಮಕ್ಕಳ ಖರ್ಚಿಗೆ ಬೇಕಾದಷ್ಟು ಮಾತ್ರ ಉಳಿಸಿದರು. ಕೊನೆಗೆ ತೂಸ್‌ಗೆ ಮರಳಿ ಮನೆ ಪಕ್ಕದಲ್ಲೇ ಮದ್ರಸ ಹಾಗೂ ಸೂಫಿಗಳಿಗೆ ಖಾನ್‌ಕಾಹ್ ಕಟ್ಟಿಸಿದರು. 1111ರಲ್ಲಿ ಅಲ್ಲೇ ವಫಾತಾದರು.

ದುನಿಯಾ ಬಿಟ್ಟು ಹೊರಟ ಇಮಾಮರೂ ಮಕ್ಕಳ ಪಾಲನ್ನು ಮರೆಯಲಿಲ್ಲ ನೋಡಿ. ನಮ್ಮಲ್ಲಿ ಎಷ್ಟೋ ಉಸ್ತಾದರಿಗೆ ಮಸೀದಿಯ ಒಂದು ಕೋಣೆ ಉಂಟು. ಹೆಂಡತಿ ಮಕ್ಕಳು ಮಾತ್ರ ದೂರದ ಊರಲ್ಲಿ. ಮಿನಾರ ಕಟ್ಟುವ ಜಮಾಅತ್ ಅವರಿಗೊಂದು ಸಣ್ಣ ಮನೆ ಕಟ್ಟಬಾರದಾ?