ಫ್ರೆಡರಿಕ್ ವಿನ್ಸ್‌ಲೋ ಟೇಲರ್

ಫ್ರೆಡರಿಕ್ ವಿನ್ಸ್‌ಲೋ ಟೇಲರ್ (ಮಾರ್ಚ್ 20, 1856 – ಮಾರ್ಚ್ 21, 1915) ಅವರು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್. ಇವರನ್ನು ವೈಜ್ಞಾನಿಕ ನಿರ್ವಹಣೆಯ ಪಿತಾಮಹರೆಂದು ಕರೆಯಲಾಗುತ್ತದೆ. ಕಾರ್ಮಿಕರ ಆಯ್ಕೆ, ತರಬೇತಿ ಹಾಗೂ ವೇತನಗಳನ್ನು ಊಹೆಯಿಂದಲ್ಲದೆ ಅಳತೆಯ ಆಧಾರದಿಂದ ನಿರ್ಧರಿಸಬೇಕೆಂಬುದು ಇವರ ಪ್ರತಿಪಾದನೆ.

ಜನನ ಮತ್ತು ಶಿಕ್ಷಣ

ಟೇಲರ್ ಫಿಲಡೆಲ್ಫಿಯಾದ ಜರ್ಮನ್‌ಟೌನ್‌ನಲ್ಲಿ ಸಿರಿವಂತ ಕುಟುಂಬದಲ್ಲಿ ಜನಿಸಿದರು. ತಂದೆ ವಕೀಲರಾಗಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ದೃಷ್ಟಿದೋಷದಿಂದಾಗಿ ಅಲ್ಲಿಗೆ ಸೇರದೆ, ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತರು. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಕೂಲಿಯಾಗಿ ಸೇರಿ, ಮುಖ್ಯ ಎಂಜಿನಿಯರ್ ಹುದ್ದೆಗೇರಿದರು. ಉದ್ಯೋಗದಲ್ಲಿದ್ದುಕೊಂಡೇ 1883ರಲ್ಲಿ ಸ್ಟೀವನ್ಸ್ ತಾಂತ್ರಿಕ ಸಂಸ್ಥೆಯಿಂದ ಎಂಜಿನಿಯರಿಂಗ್ ಪದವಿ ಪಡೆದರು.

ಕೆಲಸದ ಅಳತೆ

ಹೆಚ್ಚು ತಯಾರಿಸಿದರೆ ಮಾಲೀಕರು ಕೂಲಿಯ ದರ ಇಳಿಸುವರೆಂಬ ಭಯದಿಂದ ಕಾರ್ಮಿಕರು ಬೇಕೆಂದೇ ನಿಧಾನವಾಗಿ ದುಡಿಯುತ್ತಿದ್ದುದನ್ನು ಟೇಲರ್ ಮಿಡ್‌ವೇಲ್‌ನಲ್ಲಿ ಗಮನಿಸಿದರು. ಒಂದು ದಿನಕ್ಕೆ ಎಷ್ಟು ಕೆಲಸ ಸಾಧ್ಯವೆಂದು ತಿಳಿಯಲು ಪ್ರತಿ ಕೆಲಸವನ್ನೂ ಸಣ್ಣ ಚಲನೆಗಳಾಗಿ ವಿಭಜಿಸಿ, ಸ್ಟಾಪ್‌ವಾಚ್‌ನಿಂದ ಕಾಲವನ್ನು ಅಳೆಯಿಸಿದರು.

1898ರಿಂದ 1901ರವರೆಗೆ ಅವರು ಬೆಥ್ಲೆಹೆಮ್ ಉಕ್ಕಿನ ಕಂಪನಿಯಲ್ಲಿದ್ದರು. ಸಲಿಕೆಯಲ್ಲಿ ಒಮ್ಮೆಗೆ ಸುಮಾರು 21 ಪೌಂಡ್ ಭಾರವಿದ್ದರೆ ದಿನದ ಕೆಲಸ ಗರಿಷ್ಠವಾಗುವುದೆಂದು ಅಲ್ಲಿ ಕಂಡುಕೊಂಡರು. ಪ್ರತಿ ಕಾರ್ಮಿಕನಿಗೆ ಹಿಂದಿನ ದಿನದ ಕೆಲಸದ ವಿವರವುಳ್ಳ ಚೀಟಿ ದೊರೆಯುತ್ತಿತ್ತು; ಹಳದಿ ಚೀಟಿ ಬಂದರೆ ನಿಗದಿತ ಕೆಲಸ ಮುಗಿದಿಲ್ಲವೆಂದು ಅನಕ್ಷರಸ್ಥರಿಗೂ ತಿಳಿಯುತ್ತಿತ್ತು. ಬೀಡುಕಬ್ಬಿಣದ ಗಟ್ಟಿಗಳನ್ನು ಹೊರುವವರ ದಿನದ ಕೆಲಸ 12.5 ಟನ್‌ನಿಂದ 47.5 ಟನ್‌ಗೂ, ಕೂಲಿ 1.15 ಡಾಲರ್‌ನಿಂದ 1.85 ಡಾಲರ್‌ಗೂ ಏರಿತೆಂದು ಟೇಲರ್ ಬರೆದಿದ್ದಾರೆ. ಅಂದರೆ ಕೆಲಸ ಸುಮಾರು ನಾಲ್ಕು ಪಟ್ಟಾದರೆ, ಕೂಲಿ ಹೆಚ್ಚಿದ್ದು ಶೇ. 60ರಷ್ಟು. ಈ ವೃತ್ತಾಂತದ ನಿಖರತೆಯನ್ನು ನಂತರದ ಇತಿಹಾಸಕಾರರು ಪ್ರಶ್ನಿಸಿದ್ದಾರೆ.

ವಿರೋಧ ಮತ್ತು ನಿಧನ

ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಕುರಿತ ಅವರ ಗ್ರಂಥ 1911ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ಸ್ಟಾಪ್‌ವಾಚ್ ಅಳತೆಯನ್ನು ವಿರೋಧಿಸಿ ಮುಷ್ಕರ ಹೂಡಿದರು. ಇದರ ವಿಚಾರಣೆಗೆ ಅಮೆರಿಕದ ಸಂಸತ್ತು ಸಮಿತಿಯನ್ನು ನೇಮಿಸಿತು. 1912ರಲ್ಲಿ ಟೇಲರ್ ಅದರ ಮುಂದೆ ಸಾಕ್ಷ್ಯ ನುಡಿದರು. 1915ರಲ್ಲಿ ಸೇನೆಯ ಶಸ್ತ್ರಾಗಾರಗಳಲ್ಲಿ ಇಂತಹ ಅಳತೆಗೆ ಸರ್ಕಾರದ ಹಣ ಬಳಸುವುದನ್ನು ಸಂಸತ್ತು ನಿಷೇಧಿಸಿತು. ಅದೇ ತಿಂಗಳು, 59ನೆಯ ಜನ್ಮದಿನದ ಮರುದಿನ, ಟೇಲರ್ ನ್ಯುಮೋನಿಯಾದಿಂದ ಫಿಲಡೆಲ್ಫಿಯಾದಲ್ಲಿ ನಿಧನರಾದರು.

ಪ್ರಭಾವ

ಮಾನವ ಸಂಪನ್ಮೂಲ ನಿರ್ವಹಣೆಯಲ್ಲಿ ಇಂದು ಬೆಳೆಯುತ್ತಿರುವ ದತ್ತಾಂಶ ವಿಶ್ಲೇಷಣೆಯ ಮೂಲವನ್ನು ಟೇಲರ್ ಅವರ ಪ್ರಯೋಗಗಳಲ್ಲಿ ಗುರುತಿಸಬಹುದು. ಸ್ಟಾಪ್‌ವಾಚ್ ಮತ್ತು ಚೀಟಿಗಳ ಸ್ಥಾನಕ್ಕೆ ಕಂಪ್ಯೂಟರ್ ಬಂದಿದೆ. ಆದರೆ ಅಳತೆಯ ಮಾನದಂಡವನ್ನು ಯಾರು ನಿರ್ಧರಿಸಬೇಕು, ಅದರ ಲಾಭದಲ್ಲಿ ದುಡಿಯುವವರ ಪಾಲೆಷ್ಟು ಎಂಬ ಪ್ರಶ್ನೆಗಳು ಇಂದಿಗೂ ಚರ್ಚೆಯಲ್ಲಿವೆ.