ಸಂಖ್ಯೆಗಳ ಹಾರ ಪೋಣಿಸಿದ ಮಹಾವೀರಾಚಾರ್ಯ

ಕನ್ನಡ ನಾಡು ಗಣಿತ ಲೋಕಕ್ಕೆ ನೀಡಿದ ಹಿರಿಯ ಹೆಸರುಗಳಲ್ಲಿ ಮಹಾವೀರಾಚಾರ್ಯರದು ಅಗ್ರಗಣ್ಯ. ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿಸಿಕೊಂಡಿದ್ದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಈ ಜೈನ ವಿದ್ವಾಂಸರು ಕ್ರಿ.ಶ. ೮೫೦ರ ಸುಮಾರಿಗೆ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಗ್ರಂಥದ ಆರಂಭದಲ್ಲಿ ಅರಸನನ್ನು ಮನಸಾರೆ ಕೊಂಡಾಡಿದ ಅವರು ತಮ್ಮ ಬಗ್ಗೆ ಮೌನ ತಾಳಿದರು. ಹೀಗಾಗಿ ಆ ಗ್ರಂಥವೇ ಅವರ ಜೀವನಚರಿತ್ರೆ.

ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳ ಗ್ರಂಥಗಳ ಅಧ್ಯಾಯವಾಗಿಸಿದ್ದರು. ಮಹಾವೀರಾಚಾರ್ಯರು ಗಣಿತಕ್ಕೆಂದೇ ಒಂದು ಗ್ರಂಥವನ್ನು ಮೀಸಲಿಟ್ಟರು. ಅಡುಗೆ, ವೈದ್ಯ, ಸಂಗೀತ, ವಾಸ್ತು, ಛಂದಸ್ಸು ಯಾವುದಕ್ಕೂ ಗಣಿತವಿಲ್ಲದೆ ಗತಿಯಿಲ್ಲವೆಂಬುದು ಅವರ ನಿಲುವಾಗಿತ್ತು. ಏಕದಿಂದ ಮಹಾಕ್ಷೋಭದವರೆಗೆ ೨೪ ಸ್ಥಾನಗಳಿಗೆ ಅವರು ಹೆಸರು ಕೊಟ್ಟರು. ಮಹಾಕ್ಷೋಭವೆಂದರೆ ಒಂದರ ಮುಂದೆ ೨೩ ಸೊನ್ನೆ.

ದೊಡ್ಡ ಸಂಖ್ಯೆಗಳಲ್ಲಿ ಅವರು ಗಾತ್ರವನ್ನಷ್ಟೇ ಅಲ್ಲ, ಅಂದವನ್ನೂ ಕಂಡರು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧; ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಇವುಗಳಲ್ಲಿ ಸೊಗಸಾದದ್ದು ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ ೨೭೯೯೪೬೮೧ ಮತ್ತು ೪೪೧ರ ಗುಣಲಬ್ಧ. ಮೊದಲನೆಯದು ೫೨೯೧ರ ವರ್ಗ, ಎರಡನೆಯದು ೨೧ರ ವರ್ಗ. ೫೨೯೧ನ್ನು ೨೧ರಿಂದ ಗುಣಿಸಿದರೆ ೧೧೧೧೧೧ ಬರುತ್ತದೆ. ಆದ್ದರಿಂದ ಇಡೀ ಹಾರ ಆರು ಒಂದುಗಳ ವರ್ಗವೇ. ಲೆಕ್ಕದಲ್ಲಿ ಒಂದು ಅಂಕ ತಪ್ಪಿದರೂ ಹಾರ ಕೆಡುತ್ತದೆ. ವಿದ್ಯಾರ್ಥಿಗೆ ತನ್ನ ತಪ್ಪು ತಾನೇ ಕಾಣುತ್ತದೆ.

ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವರೂ ಅವರೇ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲವೆಂಬ ಅವರ ನಿಯಮ ಮಾತ್ರ ಸರಿಯಾಗಿರಲಿಲ್ಲ.

ಶತಮಾನಗಳ ಕಾಲ ದಕ್ಷಿಣ ಭಾರತದ ಪಾಠಗ್ರಂಥವಾಗಿದ್ದ ಈ ಕೃತಿಯನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದನು. ಆಧುನಿಕ ಜಗತ್ತಿಗೆ ಅದನ್ನು ಪರಿಚಯಿಸಿದವರು ಎಂ. ರಂಗಾಚಾರ್ಯರು. ಅವರ ಸಂಪಾದನೆ ಮತ್ತು ಇಂಗ್ಲಿಷ್ ಅನುವಾದ ೧೯೧೨ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ಆ ಸಂಪಾದನೆಗೆ ಒದಗಿದ ಹಸ್ತಪ್ರತಿಗಳಲ್ಲಿ ಮಂಗಳೂರಿಗೆ ಸಮೀಪದ ಮೂಡುಬಿದಿರೆಯ ಜೈನರು ಕಾಪಾಡಿಕೊಂಡು ಬಂದ, ಕನ್ನಡ ಲಿಪಿಯ ತಾಳೆಗರಿಯ ಪ್ರತಿಯೂ ಇತ್ತು. ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಗ್ರಂಥವು ಹೊಂಬುಜದಿಂದ ಪ್ರಕಟವಾಯಿತು.

ಗಣಿತವೆಂದರೆ ಭಯವೆನ್ನುವ ಮಕ್ಕಳ ಮುಂದೆ ಕಾಗದದ ಮೇಲೆ ೧೫೨೨೦೭ ಎಂದು ಬರೆದು ೭೩ರಿಂದ ಗುಣಿಸಲು ಹೇಳಿದರೆ ಸಾಕು. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಹಾರ ಇಂದೂ ಹಾಗೆಯೇ ಮೂಡುತ್ತದೆ.