ಬಿಸಿ ಕಂಬಳಿಯ ಸಿಸ್ಟರ್ ಕೆನ್ನಿ

ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದು, ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದರು ಅಂದರೆ ಸಾಕು, ಮಾರನೇ ದಿನದಿಂದಲೇ ಸಲಹೆಗಳ ಸುರಿಮಳೆ. ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಉಪ್ಪಿನ ಶಾಖ ಕೊಡಿ, ಕೈ ಹಿಡಿದು ಎಬ್ಬಿಸಿ ಕೂರಿಸಿ... ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ಮಾಡಬೇಕಾದವರು ನೀವು. ಅತ್ತೆಯೋ ಅಪ್ಪನೋ, ಹಗಲೂ ರಾತ್ರಿ ಅವರ ಮಂಚದ ಪಕ್ಕ ಇರುವವರೂ ನೀವೇ. ಅದಕ್ಕೇ ಇವತ್ತು ಎಲಿಜಬೆತ್ ಕೆನ್ನಿ ಎಂಬ ನರ್ಸ್ ಒಬ್ಬಳ ಕಥೆ. ಬಿಸಿ ಶಾಖದಿಂದಲೇ ಜಗತ್ತಿಗೆಲ್ಲ ಹೆಸರಾದವಳು. ಶಾಖ ಕೊಡುವ ಮುಂಚೆ ಆಕೆ ಏನು ಮಾಡುತ್ತಿದ್ದಳು ಅನ್ನೋದೇ ನಮಗೆ ಮುಖ್ಯ.

ಆಕೆ ಹುಟ್ಟಿದ್ದು 1880ರಲ್ಲಿ, ಆಸ್ಟ್ರೇಲಿಯಾದ ವಾರಿಯಾಲ್ಡಾ ಎಂಬ ಊರಲ್ಲಿ. ಓದಿದ್ದು ಅಷ್ಟಕ್ಕಷ್ಟೇ, ನರ್ಸಿಂಗ್ ಶಾಲೆಯ ಸರ್ಟಿಫಿಕೇಟ್ ಇರಲಿಲ್ಲ. ಹುಡುಗಿಯಾಗಿದ್ದಾಗ ಕುದುರೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಟೂವೂಂಬಾ ಪಟ್ಟಣದ ಡಾಕ್ಟರ್ ಈನಿಯಸ್ ಮೆಕ್‌ಡೊನೆಲ್ ಹತ್ತಿರ ಚಿಕಿತ್ಸೆ ಆಯಿತು. ಅವರ ಪುಸ್ತಕಗಳನ್ನು ನೋಡಿ ನೋಡಿ ದೇಹದ ಸ್ನಾಯುಗಳ ಹೆಸರು, ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದನ್ನೆಲ್ಲ ಕಲಿತುಬಿಟ್ಟಳು. ಸಣಕಲಾಗಿದ್ದ ತಮ್ಮನಿಗೆ ವ್ಯಾಯಾಮ ಮಾಡಿಸಿ ಕೈಕಾಲು ಗಟ್ಟಿ ಮಾಡಿದ್ದೂ ಈ ವಿದ್ಯೆಯಿಂದಲೇ. ಮುಂದೆ ನಾಬಿ ಎಂಬ ಹಳ್ಳಿಯಲ್ಲಿ ಇದ್ದುಕೊಂಡು, ಸುತ್ತಲಿನ ರೈತರ ಮನೆಗಳಿಗೆ ಕುದುರೆ ಮೇಲೆ ಹೋಗಿ, ದುಡ್ಡು ತಗೊಳ್ಳದೆ ಶುಶ್ರೂಷೆ ಮಾಡುತ್ತಿದ್ದಳು.

ಆಮೇಲಿನ ಘಟನೆ 1911ರದು ಅಂತ ಆಕೆಯೇ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಒಂದು ರೈತನ ಮನೆಯಲ್ಲಿ ಎರಡು ವರ್ಷದ ಹೆಣ್ಣುಮಗು ನೋವಿನಿಂದ ಚೀರುತ್ತಿತ್ತು. ಕಾಲು ಸೆಟೆದುಕೊಂಡಿದೆ, ಮುಟ್ಟೋಕೂ ಬಿಡಲ್ಲ. ಕೆನ್ನಿ ಡಾಕ್ಟರಿಗೆ ತಂತಿ ಕಳಿಸಿದಳು. ಇದು ಶಿಶು ಪಾರ್ಶ್ವವಾಯು, ಅಂದರೆ ಪೋಲಿಯೋ, ಇದಕ್ಕೆ ಮದ್ದಿಲ್ಲ, ಕಂಡ ಲಕ್ಷಣಕ್ಕೆ ನಿನಗೆ ತೋಚಿದ್ದು ಮಾಡು ಅಂತ ಉತ್ತರ ಬಂತು.

ಆಕೆ ಮಗುವಿನ ಪಕ್ಕ ಕೂತು ನೋಡಿದಳು. ಯಾವ ಸ್ನಾಯು ಕಲ್ಲಿನಂತೆ ಬಿಗಿದಿದೆ, ಯಾವುದು ಸಡಿಲ, ಎಲ್ಲಿ ಮುಟ್ಟಿದರೆ ಅಳು ಜೋರಾಗುತ್ತೆ? ಬಿಗಿದಿದ್ದನ್ನು ಸಡಿಲಿಸಬೇಕು ಅನ್ನಿಸಿತು. ಮೊದಲು ನಮ್ಮವರ ಹಾಗೇ ಬಿಸಿ ಉಪ್ಪಿನ ಚೀಲ ಇಟ್ಟಳು, ಉಪಯೋಗವಾಗಲಿಲ್ಲ. ಅಗಸೆ ಹಿಟ್ಟಿನ ಪಟ್ಟು ಹಾಕಿದಳು, ಅದೂ ಇಲ್ಲ. ಕೊನೆಗೆ ಉಣ್ಣೆ ಕಂಬಳಿಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಕುದಿನೀರಲ್ಲಿ ಅದ್ದಿ, ಒಂದು ಹನಿಯೂ ಇಳಿಯದ ಹಾಗೆ ಹಿಂಡಿ ಸುತ್ತಿದಳು. ಮಗು ನಿದ್ದೆ ಹೋಯಿತು. ಎದ್ದ ಮೇಲೆ ಅದೇ ಬಿಸಿ ಬಟ್ಟೆ ಬೇಕು ಅಂತ ಕೇಳಿತಂತೆ!

ಮೊದಲ ಮಹಾಯುದ್ಧದಲ್ಲಿ ಗಾಯಾಳು ಸೈನಿಕರ ಹಡಗುಗಳಲ್ಲಿ ಕೆಲಸ ಮಾಡಿದಳು. 1917ರಲ್ಲಿ ಸೈನ್ಯವೇ ಆಕೆಗೆ 'ಸಿಸ್ಟರ್' ಎಂಬ ದರ್ಜೆ ಕೊಟ್ಟಿತು. ನಮ್ಮ ಆಸ್ಪತ್ರೆಗಳಲ್ಲಿ ನರ್ಸ್‌ಗಳನ್ನು ಕರೀತೀವಲ್ಲ, ಅದೇ ಸಿಸ್ಟರ್. ಸನ್ಯಾಸಿನಿ ಅಂತ ತಪ್ಪು ತಿಳೀಬೇಡಿ.

1930ರ ದಶಕದಲ್ಲಿ ಟೌನ್ಸ್‌ವಿಲ್‌ನ ಒಂದು ಹಿತ್ತಲಲ್ಲಿ ಕ್ಲಿನಿಕ್ ತೆರೆದಾಗ ಜಗಳ ಶುರುವಾಯಿತು. ಆಗ ಪೋಲಿಯೋ ಆದ ಮಕ್ಕಳ ಕೈಕಾಲನ್ನು ತಿಂಗಳುಗಟ್ಟಲೆ ಪ್ಲಾಸ್ಟರ್, ಕಬ್ಬಿಣದ ಪಟ್ಟಿಗಳಲ್ಲಿ ಅಲುಗದಂತೆ ಕಟ್ಟಿಡುತ್ತಿದ್ದರು. ಬಲವಾದ ಸ್ನಾಯು ದುರ್ಬಲವಾದದ್ದನ್ನು ಎಳೆದು ಕಾಲು ಸೊಟ್ಟ ಆಗುತ್ತೆ ಅನ್ನೋ ಭಯ. ಕೆನ್ನಿ ಆ ಪಟ್ಟಿಗಳನ್ನು ಬಿಚ್ಚಿ ಹಾಕಿದಳು. ಶಾಖ ಕೊಟ್ಟು, ಕೀಲನ್ನು ಮೆಲ್ಲಗೆ ಆಡಿಸಿ, ಆಮೇಲೆ ಮಗು ತನ್ನ ಮನಸ್ಸನ್ನು ಒಂದೊಂದೇ ಸ್ನಾಯುವಿನ ಮೇಲಿಟ್ಟು ಅಲ್ಲಾಡಿಸೋದನ್ನು ಹೊಸದಾಗಿ ಕಲಿಸುತ್ತಿದ್ದಳು. 1938ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರದ ವೈದ್ಯರ ಆಯೋಗ, ಪಟ್ಟಿ ಬಿಚ್ಚುವುದು ಘೋರ ತಪ್ಪು ಅಂತ ವರದಿ ಕೊಟ್ಟಿತು. ಬಿಡೋ ಹೆಂಗಸಲ್ಲ ಆಕೆ. 1940ರಲ್ಲಿ ಅಮೆರಿಕಕ್ಕೆ ಹೊರಟಳು. ಆಗ ವಯಸ್ಸು ಅರವತ್ತರ ಹತ್ತಿರ! ಮಿನಿಯಾಪೊಲಿಸ್‌ನ ವೈದ್ಯರು ಆಕೆಯ ಕೆಲಸವನ್ನು ಕಣ್ಣಾರೆ ನೋಡಿ ಒಪ್ಪಿದರು. 1942ರಲ್ಲಿ ಅಲ್ಲಿ ಆಕೆಯ ಹೆಸರಿನ ಸಂಸ್ಥೆಯೇ ಎದ್ದಿತು. 1946ರಲ್ಲಿ ಹಾಲಿವುಡ್ ಸಿನಿಮಾ ಬಂತು. 50ರ ದಶಕದ ಶುರುವಿನ ಗ್ಯಾಲಪ್ ಸಮೀಕ್ಷೆಯೊಂದರಲ್ಲಿ ಎಲೀನರ್ ರೂಸ್‌ವೆಲ್ಟ್ ಅವರನ್ನೂ ಹಿಂದೆ ಹಾಕಿ ಅಮೆರಿಕನ್ನರ ಮೆಚ್ಚಿನ ಮಹಿಳೆಯಾದಳು.

ಹಾಗಂತ ಆಕೆ ಹೇಳಿದ್ದೆಲ್ಲ ಸರಿಯಲ್ಲ. ಕಾಯಿಲೆ ಮುಖ್ಯವಾಗಿ ಸ್ನಾಯುವಿನಲ್ಲಿದೆ ಅಂತ ವಾದಿಸುತ್ತಿದ್ದಳು. ನಿಜವಾಗಿ ಪೋಲಿಯೋ ವೈರಸ್ ಕೊಲ್ಲುವುದು ಬೆನ್ನುಹುರಿಯ ನರಕೋಶಗಳನ್ನು. ಸತ್ತ ಕೋಶಕ್ಕೆ ಯಾವ ಕಂಬಳಿಯೂ ಜೀವ ಕೊಡಲ್ಲ. ಆಕೆಯ ಕೈಯಲ್ಲಿ ಚೇತರಿಸಿಕೊಂಡ ಮಕ್ಕಳಲ್ಲಿ ತಾವಾಗೇ ಚೇತರಿಸಿಕೊಳ್ಳುತ್ತಿದ್ದವರೂ ಇದ್ದರು. ಡಾಕ್ಟರುಗಳ ಜೊತೆ ವಾದಕ್ಕಿಳಿದರೆ ಆಕೆಗೆ ಬಾಯಿ ಹತೋಟಿಯಲ್ಲಿ ಇರುತ್ತಿರಲಿಲ್ಲ. ಸಿದ್ಧಾಂತ ತಪ್ಪಿದರೂ ಕಣ್ಣು, ಬೆರಳು ತಪ್ಪಿರಲಿಲ್ಲ. ಕಟ್ಟಿಟ್ಟ ಕಾಲು ಸೊರಗುತ್ತೆ ಅನ್ನೋದನ್ನು ಆಕೆ ನೋಡಿ ತಿಳಿದಿದ್ದಳು. ಇವತ್ತಿನ ಫಿಸಿಯೋಥೆರಪಿಯಲ್ಲಿ ಆಕೆಯ ಪಾಲು ಸಾಕಷ್ಟಿದೆ.

ಈಗ ನಿಮ್ಮ ಮನೆಗೆ ಬನ್ನಿ. ಕೆನ್ನಿ ಕೊಟ್ಟ ಶಾಖವನ್ನೇ ಲಕ್ವ ಹೊಡೆದ ಅತ್ತೆಯವರಿಗೂ ಕೊಡಬಹುದಾ? ದಯವಿಟ್ಟು ದುಡುಕಬೇಡಿ. ಪೋಲಿಯೋದಲ್ಲಿ ಚರ್ಮದ ಸ್ಪರ್ಶಜ್ಞಾನ ಹೋಗಲ್ಲ. ಬಿಸಿ ಜಾಸ್ತಿಯಾದರೆ ಮಗು ಕೂಗುತ್ತೆ. ಸ್ಟ್ರೋಕ್ ಆದವರಲ್ಲಿ ಎಷ್ಟೋ ಜನಕ್ಕೆ ಬಿದ್ದ ಕೈಕಾಲಿನಲ್ಲಿ ಸ್ಪರ್ಶವೇ ಇರಲ್ಲ, ಮಾತೂ ನಿಂತಿರುತ್ತೆ. ಬಿಸಿನೀರಿನ ಚೀಲ ಇಟ್ಟರೆ ಬೊಬ್ಬೆ ಎದ್ದ ಮೇಲೇ ನಿಮಗೆ ಗೊತ್ತಾಗೋದು. ಸಕ್ಕರೆ ಕಾಯಿಲೆ ಇದ್ದರಂತೂ ಆ ಗಾಯ ಬೇಗ ಮಾಯೋದೂ ಇಲ್ಲ. ಅವರು ಕಣ್ಣು ಮುಚ್ಚಿಕೊಂಡಾಗ ಹತ್ತಿಯಿಂದ ಮೆಲ್ಲಗೆ ಸವರಿ, ಎಲ್ಲಿ ಗೊತ್ತಾಯ್ತು ಅಂತ ಕೇಳಿ ನೋಡಿ. ಗೊತ್ತಾಗದಿದ್ದರೆ ಶಾಖದ ಮಾತೇ ಬೇಡ. ಗೊತ್ತಾದರೂ ಫಿಸಿಯೋಥೆರಪಿಸ್ಟ್ ಕೇಳದೆ ಕೊಡಬೇಡಿ.

ತಿಕ್ಕುವ ಮುಂಚೆಯೂ ಅಷ್ಟೇ. ಎರಡೂ ಮೀನಖಂಡಗಳನ್ನು ಪಕ್ಕಪಕ್ಕ ನೋಡಿ. ಒಂದು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬಾರದು, ಅವತ್ತೇ ಡಾಕ್ಟರಿಗೆ ತೋರಿಸಿ. ಬಿದ್ದ ಕೈ ಹಿಡಿದು ಎಬ್ಬಿಸಿದರೆ ಭುಜದ ಕೀಲು ಜಾರುತ್ತೆ. ಬೆನ್ನಿಗೆ ಕೈಕೊಟ್ಟು ಎಬ್ಬಿಸಿ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವಾಗ ಹಿಮ್ಮಡಿ, ಸೊಂಟದ ಕೆಳಗಿನ ಮೂಳೆಯ ಜಾಗ ಕೆಂಪಾಗಿದೆಯಾ ಅಂತ ನೋಡಿ. ಊಟ ನೀರು ಯಾವತ್ತೂ ನೇರ ಕೂರಿಸಿಯೇ ಕೊಡಬೇಕು. ಗುಟುಕು ನೀರಿಗೇ ಕೆಮ್ಮು ಬಂದರೆ ಅಥವಾ ದನಿ ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ಮುಖ ಹೊಸದಾಗಿ ವಾರೆಯಾದರೆ, ನೆಟ್ಟಗಿದ್ದ ಕೈ ಇಳಿದರೆ, ಮಾತು ತೊದಲಿದರೆ ಗಡಿಯಾರ ನೋಡಿ ಸಮಯ ಬರೆದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ.

ಕೆನ್ನಿಗೆ ಕೊನೆಗೆ ನರರೋಗವೇ ಗಂಟುಬಿತ್ತು. ಪಾರ್ಕಿನ್ಸನ್ ಕಾಯಿಲೆ ಬಂತು. 1952ರ ನವೆಂಬರ್ 30ರಂದು ಟೂವೂಂಬಾದಲ್ಲಿ, ಮೆದುಳಿನ ರಕ್ತನಾಳದ ತೊಂದರೆಯಿಂದ ತೀರಿಕೊಂಡಳು. ಸಮಾಧಿ ಇರೋದು ಅದೇ ನಾಬಿಯಲ್ಲಿ. ಮೂರೇ ವರ್ಷಕ್ಕೆ, 1955ರಲ್ಲಿ, ಪೋಲಿಯೋ ಲಸಿಕೆ ಬಂತು. ನಾವು ಭಾನುವಾರಗಳಂದು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಎರಡು ಹನಿ ಹಾಕಿಸಿದ್ದರ ಫಲ, 2014ರಲ್ಲಿ ಭಾರತಕ್ಕೂ ಪೋಲಿಯೋ ಮುಕ್ತ ಅನ್ನೋ ಪ್ರಮಾಣಪತ್ರ ಸಿಕ್ಕಿತು. ಮಿನಿಯಾಪೊಲಿಸ್‌ನ ಸಂಸ್ಥೆ ಇನ್ನೂ ಇದೆ, ಕರೇಜ್ ಕೆನ್ನಿ ಅಂತ ಹೆಸರು. ಅಲ್ಲಿಗೆ ಈಗ ಬರೋದು ಸ್ಟ್ರೋಕ್ ಆದವರು, ಬೆನ್ನುಹುರಿಗೆ ಪೆಟ್ಟಾದವರು.